ಕಾರಣದ ಕಾಲಂ ಖಾಲಿ ಬಿಡದವರು

ವಿದ್ಯಾಸಂಸ್ಥೆಯೊಂದರ ಹಿರಿಮೆಯನ್ನು ಹೇಳುವಾಗ ನಾವು ಅದನ್ನು ಕಟ್ಟಿದವರನ್ನು, ಅಲ್ಲಿ ಪಾಠ ಹೇಳಿದ ಗುರುಗಳನ್ನು, ಅಲ್ಲಿಂದ ಹೊರಬಂದು ಹೆಸರು ಮಾಡಿದ ವಿದ್ಯಾರ್ಥಿಗಳನ್ನು ನೆನೆಯುತ್ತೇವೆಯೇ ಹೊರತು, ಆ ಗುರುಗಳ ಕೈಗೆ ಸೀಮೆಸುಣ್ಣವನ್ನೂ ಆ ವಿದ್ಯಾರ್ಥಿಗಳ ತಲೆಯ ಮೇಲೆ ಸೋರದ ಸೂರನ್ನೂ ವರ್ಷ ವರ್ಷವೂ ಒದಗಿಸಿಕೊಟ್ಟ ಕಚೇರಿಯ ಮೇಜನ್ನು ನೆನೆಯುವುದಿಲ್ಲ. ಅಂಥ ಒಂದು ಮೇಜಿನ ಹಿಂದೆ ಮೂವತ್ತಮೂರು ವರ್ಷ ಕುಳಿತು, ಶಾಲೆಯ ವಾರ್ಷಿಕ ಖರ್ಚೆಂಬ ಒಣ ವಿಷಯಕ್ಕೆ ಜೀವ ತುಂಬಿ, ಒಂದು ಸಂಸ್ಥೆಯ ಖರ್ಚು ಏರುವುದು ಏಕೆ, ಇಳಿಯುವುದು ಏಕೆ, ಏರಿದ್ದೆಲ್ಲ ದುಂದೇ, ಇಳಿದಿದ್ದೆಲ್ಲ ಉಳಿತಾಯವೇ ಎಂಬ ಪ್ರಶ್ನೆಗಳನ್ನು ನಮ್ಮಂಥವರ ಬೆನ್ನು ಹತ್ತಿ ಕೇಳಿದ ನಮ್ಮ ಹಿರಿಯ ಲೆಕ್ಕಿಗರು ಈ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಶಾಲಾ ಲೆಕ್ಕಪತ್ರದ ಕ್ಷೇತ್ರದಲ್ಲಿ ಇವರಿಗಿಂತ ದೊಡ್ಡ ಪದವಿ ಪಡೆದವರು ಬೇಕಾದಷ್ಟು ಜನ ಇದ್ದಾರು. ಇವರಷ್ಟು ಪ್ರಶ್ನೆ ಕೇಳಿದವರನ್ನು ನಾನಂತೂ ಕಂಡಿಲ್ಲ.

ಈ ಅಭಿನಂದನ ಗ್ರಂಥಕ್ಕೆ ಲೇಖನ ಬರೆಯಬೇಕೆಂದು ಸಂಪಾದಕಿಯವರು ನನ್ನನ್ನು ಕೇಳಿದಾಗ ನನಗೇ ಆಶ್ಚರ್ಯವಾಯಿತು. ನಾನು ಈ ಶಾಲೆಯ ವಿಜ್ಞಾನದ ಮೇಷ್ಟ್ರು. ಲೆಕ್ಕಿಗರೊಂದಿಗೆ ಅತಿ ಹೆಚ್ಚು ಬಾರಿ ಜಗಳವಾಡಿದ ದಾಖಲೆ ಯಾರದಾದರೂ ಇದ್ದರೆ ಅದು ನನ್ನದೇ. ನನ್ನ ಬಾಯಿ ಸುಮ್ಮನಿರುವ ಬಾಯಿಯಲ್ಲ. "ಅದಕ್ಕೇ ನಿಮ್ಮನ್ನ ಕೇಳ್ತಿರೋದು ಸಾರ್, ಬರೀ ಹೊಗಳೋರು ಸಾಕಷ್ಟು ಜನ ಇದಾರೆ" ಎಂದರು ಸಂಪಾದಕಿ. ಆದ್ದರಿಂದ ಒಪ್ಪಿಕೊಂಡೆ.

ಶಿಕ್ಷಕರು, ಮಕ್ಕಳು, ಕೊನೆಗೆ ಬಾಗಿಲಿಗೆ ಬರುವ ಅಂಚೆಯವರೂ ಇವರನ್ನು ಕರೆಯುವುದು ಯಾಕಮ್ಮನವರು ಎಂದು. ಈ ಬಿರುದನ್ನು ಕೊಟ್ಟ ಪುಣ್ಯಾತ್ಮರು ಯಾರೋ ತಿಳಿಯದು. ಯಾರೇ ಬಂದು ಏನೇ ಕೇಳಲಿ, ಕನ್ನಡಕವನ್ನು ಹಣೆಗೇರಿಸಿ ಇವರು ಆಡುವ ಮೊದಲ ಮಾತು "ಯಾಕೆ?" ಎಂಬುದೇ ಆಗಿದ್ದರಿಂದ ಬಿರುದು ತಾನಾಗಿಯೇ ಅಂಟಿಕೊಂಡಿರಬೇಕು. ಅದು ಮೊದಲ ಸಲ ತಮ್ಮ ಕಿವಿಗೆ ಬಿದ್ದ ದಿನ, "ಪರವಾಗಿಲ್ಲ, ಇನ್ನೂ ಕೆಟ್ಟದ್ದು ಇಡಬಹುದಿತ್ತು" ಎಂದು ನಕ್ಕುಬಿಟ್ಟರಂತೆ.

ಇಪ್ಪತ್ತೇಳನೆಯ ವಯಸ್ಸಿನಲ್ಲಿ ಅವರು ಕಿರಿಯ ಗುಮಾಸ್ತೆಯಾಗಿ ಸೇರಿದಾಗ ಕಚೇರಿಯೆಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಎತ್ತರದವರು ಒಳಗಿನ ಮೂಲೆಗೆ ಹೋದರೆ ತಲೆ ತಗಲುತ್ತದೆ. ಒಂದು ಕಬ್ಬಿಣದ ಬೀರು, ಒಂದು ಟೈಪ್‌ರೈಟರ್, ಕಾಲಿಗೆ ರಟ್ಟು ಮಡಚಿಟ್ಟು ಸಮ ಮಾಡಿದ ಮೇಜು, ಒಂದೇ ಒಂದು ಕಿಟಕಿ. ಆ ಕಿಟಕಿಯಿಂದ ಕಾಣುವುದು ಮಕ್ಕಳು ನೀರು ಕುಡಿಯುವ ನಲ್ಲಿಗಳ ಸಾಲು. ಶಾಲೆ ಬೆಳೆದು ಹೊಸ ಕಟ್ಟಡವಾದಾಗ ಮೇಲಿನ ಮಹಡಿಯಲ್ಲಿ ಗಾಳಿ ಬೆಳಕಿನ ಕೋಣೆಯೊಂದನ್ನು ಅವರಿಗೆ ಕೊಡಲು ಬಂದರೂ ಅವರು ಮೆಟ್ಟಿಲ ಕೆಳಗಿನಿಂದ ಕದಲಲಿಲ್ಲ. ಮಹಡಿ ಹತ್ತಿ ಬಂದು ಸೀಮೆಸುಣ್ಣ ಕೇಳುವುದಕ್ಕೆ ಮಕ್ಕಳಿಗೆ ಬೇಸರವಾದೀತು ಎಂಬುದು ಅವರು ಕೊಟ್ಟ ಕಾರಣ.

ವಾರ್ಷಿಕ ಖರ್ಚಿನ ಪುಸ್ತಕದಲ್ಲಿ ಆಗ ನಾಲ್ಕು ಕಾಲಂಗಳಿದ್ದವು: ವಿವರ, ಹೋದ ವರ್ಷ, ಈ ವರ್ಷ, ವ್ಯತ್ಯಾಸ. ಎಲ್ಲ ಶಾಲೆಗಳಲ್ಲೂ ಇರುವಂಥದ್ದೇ. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಯಾಕಮ್ಮನವರು ಉಕ್ಕಿನ ಅಡಿಕೋಲಿಟ್ಟು, ಕೆಂಪು ಶಾಯಿಯಲ್ಲಿ, ಪುಟದ ಬಲ ಅಂಚಿಗೆ ಐದನೆಯದೊಂದು ಗೆರೆ ಎಳೆದು ಅದರ ತಲೆಗೆ "ಕಾರಣ" ಎಂದು ಬರೆದರು. ಅದಕ್ಕೆ ಅವರದೇ ಕಟ್ಟಳೆಗಳಿದ್ದವು. ಯಾವ ಬಾಬತ್ತಿನ ಎದುರೂ ಆ ಕಾಲಂ ಖಾಲಿ ಇರಕೂಡದು. ಒಂದು ಸಾಲನ್ನು ಮೀರಕೂಡದು. "ಬೆಲೆ ಏರಿಕೆ" ಎಂದಷ್ಟೇ ಬರೆದು ಕೈತೊಳೆದುಕೊಳ್ಳಕೂಡದು, ಯಾವುದರ ಬೆಲೆ ಎಂದು ಹೇಳಬೇಕು. ಆ ವರ್ಷ ಬಂದ ಲೆಕ್ಕ ಪರಿಶೋಧಕರು ಆ ಕೆಂಪು ಗೆರೆಯನ್ನು ನೋಡಿ ಮೂಗು ಮುರಿದು, ನಮೂನೆಯಲ್ಲಿ ಇಲ್ಲದ್ದನ್ನು ಸೇರಿಸುವ ಅಧಿಕಾರ ನಿಮಗೆ ಯಾರು ಕೊಟ್ಟರು ಎಂದು ಗದರಿದರಂತೆ. ಮೂರನೆಯ ವರ್ಷ ಅದೇ ಪರಿಶೋಧಕರು ಕುರ್ಚಿಯಲ್ಲಿ ಕುಳಿತವರೇ ಮೊದಲು ಐದನೆಯ ಕಾಲಮನ್ನೇ ಓದತೊಡಗಿದರು. ಒಂದು ಪುಟದಲ್ಲಂತೂ ಗಟ್ಟಿಯಾಗಿ ನಕ್ಕರಂತೆ. ಕಿಟಕಿಯ ಗಾಜಿನ ಬಾಬತ್ತು ಅದು. ವರ್ಷಕ್ಕೆ ಏಳೆಂಟು ಗಾಜು ಒಡೆಯುತ್ತಿದ್ದದ್ದು ಆ ವರ್ಷ ಒಂದಕ್ಕೆ ಇಳಿದಿತ್ತು. ಎದುರಿನ ಕಾರಣ: "ಉತ್ತಮ ಚೆಂಡಾಟಗಾರ ಹತ್ತನೆಯ ತರಗತಿ ಪಾಸಾಗಿ ಹೋದ."

ಹೀಗೆ ವರ್ಷಗಳ ಮೇಲೆ ವರ್ಷಗಳು ಸೇರಿ ಆ ಪುಸ್ತಕಗಳು ಶಾಲೆಯ ಚರಿತ್ರೆಯೇ ಆಗಿವೆ. ಶಾಯಿ ಬಾಟಲಿಗಳ ಬಾಬತ್ತು ಸಣ್ಣದಾಗುತ್ತ ಸಾಗಿ ಒಂದು ಪುಟದಲ್ಲಿ ಮಾಯವಾಗುತ್ತದೆ. ಟೈಪ್‌ರೈಟರಿನ ರಿಬ್ಬನ್ ಇಪ್ಪತ್ತೆರಡನೆಯ ಪುಸ್ತಕದಲ್ಲಿ "ಯಂತ್ರಕ್ಕೆ ನಿವೃತ್ತಿ" ಎಂಬ ಕಾರಣದೊಂದಿಗೆ ಕೊನೆಗೊಳ್ಳುತ್ತದೆ. ಕಂಪ್ಯೂಟರು ಬಂದ ವರ್ಷ ಕಾಗದದ ಖರ್ಚು ಇಳಿಯುತ್ತದೆಂದು ನಾವೆಲ್ಲ ಭಾಷಣ ಬಿಗಿದಿದ್ದೆವು. ಅದು ಇಮ್ಮಡಿಯಾಯಿತು. "ತಪ್ಪು ತಿದ್ದುವುದು ಸುಲಭವಾದ್ದರಿಂದ ಎಲ್ಲರೂ ಮತ್ತೆ ಮತ್ತೆ ಅಚ್ಚು ಹಾಕುತ್ತಾರೆ" ಎಂದು ಯಾಕಮ್ಮನವರು ಬರೆದರು. ಕಪ್ಪು ಹಲಗೆ ಹೋಗಿ ಬಿಳಿ ಹಲಗೆ ಬಂದ ವರ್ಷ ಸೀಮೆಸುಣ್ಣದಲ್ಲಿ ಉಳಿದದ್ದರ ಮೂರರಷ್ಟು ಪೆನ್ನಿಗೆ ಹೋಯಿತು. ನೂರರಲ್ಲಿ ಎಪ್ಪತ್ತು ಪಾಲು ನಮ್ಮೆಲ್ಲರ ಸಂಬಳಕ್ಕೇ ಹೋಗುತ್ತಿದ್ದುದರಿಂದ ಇವೆಲ್ಲ ಮಿಕ್ಕ ಮೂವತ್ತರೊಳಗಿನ ಗುದ್ದಾಟ. ಆದರೆ ಶಾಲೆ ಶಾಲೆಯಂತಿರುವುದು ಆ ಮೂವತ್ತರಿಂದಲೇ ಎಂದು ಅವರು ಹೇಳುತ್ತಿದ್ದರು.

ನಾನು ಇಲ್ಲಿಗೆ ಬಂದದ್ದು ಇಪ್ಪತ್ತನಾಲ್ಕು ವರ್ಷಗಳ ಹಿಂದೆ. ಬಂದ ತಿಂಗಳಲ್ಲೇ ಅರವತ್ತೈದು ಟೆಸ್ಟ್ ಟ್ಯೂಬ್ ಬೇಕೆಂದು ಚೀಟಿ ಬರೆದು ಮೆಟ್ಟಿಲ ಕೆಳಗೆ ನುಗ್ಗಿದೆ. ಕನ್ನಡಕ ಹಣೆಗೇರಿತು.

"ಹೋದ ವರ್ಷ ನಲವತ್ತು ಮೇಷ್ಟ್ರೇ. ಈ ವರ್ಷ ಅರವತ್ತೈದು. ಯಾಕೆ?"

"ಯಾಕೆ ಅಂದ್ರೆ? ವಿಜ್ಞಾನ ಕಲಿಸೋಕೆ! ಮತ್ತೇನು, ಹೂದಾನಿ ಮಾಡ್ತೀನಾ?"

"ಹಿಂದಿನ ಮೇಷ್ಟ್ರೂ ವಿಜ್ಞಾನಾನೇ ಕಲಿಸ್ತಿದ್ರು."

ನಾನು ಕೆಂಡವಾದೆ. ನಾನು ಬಾಯಿಗೆ ಬಂದದ್ದನ್ನೆಲ್ಲ ಆಡುವವರೆಗೂ ಅವರು ಪೆನ್ನು ಹಿಡಿದು ಕಾದಿದ್ದು, ಕೊನೆಗೆ ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, "ಹಿಂದಿನವರು ಮೇಜಿನ ಮೇಲೆ ಮಾಡಿ ತೋರಿಸ್ತಿದ್ರು, ನೀವು ಮಕ್ಕಳ ಕೈಲೇ ಮಾಡಿಸ್ತೀರಿ ಅಂತ ಬರೀಲಾ?" ಎಂದರು. ನಾನು ಹೇಳಬೇಕಾಗಿದ್ದ ಮಾತು ಅದೇ ಆಗಿತ್ತು. ನನಗಿಂತ ಮೊದಲು ಅದು ಅವರಿಗೆ ಹೊಳೆದಿತ್ತು. ಅರವತ್ತೈದೂ ಬಂದವು.

ಅವರ ದೊಡ್ಡತನವನ್ನು ನಾನು ತಿಳಿದದ್ದು ಇನ್ನೆರಡು ವರ್ಷದ ಮೇಲೆ. ಶಾಲೆಗೆ ಒಂದೇ ಒಂದು ಸೂಕ್ಷ್ಮದರ್ಶಕವಿತ್ತು. ಗಾಜಿನ ಬೀರುವಿನಲ್ಲಿ ಬಟ್ಟೆ ಹೊದ್ದು ಕುಳಿತಿದ್ದ ಅದನ್ನು ನಾನು ತರಗತಿಗೆ ಒಯ್ದು ಮಕ್ಕಳಿಗೆ ತೋರಿಸುವಾಗ ನನ್ನದೇ ಮೊಣಕೈ ತಗಲಿ ಕೆಳಕ್ಕೆ ಬಿತ್ತು. ನನ್ನ ನಾಲ್ಕು ತಿಂಗಳ ಸಂಬಳದ ಬೆಲೆ ಅದಕ್ಕೆ. ಎರಡು ದಿನ ಯಾರಿಗೂ ಹೇಳದೆ ಒದ್ದಾಡಿ, ಮೂರನೆಯ ದಿನ ಮೆಟ್ಟಿಲ ಕೆಳಗೆ ಹೋಗಿ ತಪ್ಪೊಪ್ಪಿಕೊಂಡು, ಸಂಬಳದಲ್ಲಿ ಹಿಡಿಯಿರಿ ಎಂದೆ. ಅವರು ಪುಸ್ತಕ ತೆರೆದು ರಿಪೇರಿ ಬಾಬತ್ತಿನ ಎದುರು ಬರೆದು ನನ್ನತ್ತ ತಿರುಗಿಸಿದರು: "ಬಳಸಿದ್ದರಿಂದ ಒಡೆಯಿತು. ಹನ್ನೊಂದು ವರ್ಷ ಬಳಸದ್ದರಿಂದ ಒಡೆದಿರಲಿಲ್ಲ." ಅಂದಿನಿಂದ ಇಂದಿನವರೆಗೆ ನಾನು ಅವರೊಂದಿಗೆ ಜಗಳವಾಡಿದ್ದೇನೆ, ಆದರೆ ಅವರ ಮೇಲೆ ಕೋಪ ಮಾಡಿಕೊಂಡಿಲ್ಲ.

ಇಷ್ಟೇ ಆಗಿದ್ದರೆ ಇದು ಎಲ್ಲ ಅಭಿನಂದನ ಗ್ರಂಥಗಳಲ್ಲೂ ಇರುವಂಥ ಲೇಖನವಾಗಿ ಮುಗಿಯುತ್ತಿತ್ತು. ಇನ್ನೊಂದು ಸಂಗತಿಯನ್ನು ಬರೆಯಬೇಕು. ಬರೆಯಬಹುದೇ ಎಂದು ನಾನು ಯಾಕಮ್ಮನವರನ್ನೇ ಕೇಳಿದೆ. "ಅದನ್ನ ಬಿಟ್ಟು ಬರೆದ್ರೆ ಮಿಕ್ಕಿದ್ದೆಲ್ಲ ಯಾಕೆ?" ಎಂದರು.

ಅವರ ಸೇವೆಯ ಇಪ್ಪತ್ತನೆಯ ವರ್ಷ, ಅಂದರೆ ಇಂದಿಗೆ ಹದಿಮೂರು ವರ್ಷಗಳ ಹಿಂದೆ, ಶಾಲೆಯಲ್ಲಿ ನಾನೂರ ತೊಂಬತ್ತೆಂಟು ಮಕ್ಕಳಿದ್ದರು. ಆಡಳಿತ ಮಂಡಳಿಯ ಕೈ ಬಿಗಿಯಾಗಿ, ಖರ್ಚಿನಲ್ಲಿ ಹತ್ತರಲ್ಲೊಂದು ಪಾಲು ಕಡಿಮೆ ಮಾಡಲೇಬೇಕೆಂದು ಆಜ್ಞೆ ಬಂತು. ಯಾಕಮ್ಮನವರು ಶಿಕ್ಷಕರನ್ನೆಲ್ಲ ಕೂರಿಸಿಕೊಂಡು ಒಂದೊಂದೇ ಬಾಬತ್ತನ್ನು ಓದಿದರು. ನಕ್ಷೆಗಳು ಎಂದಾಗ ಸಮಾಜದ ಮೇಷ್ಟ್ರು ಎದ್ದು ನಿಂತರು. ಪುಸ್ತಕಗಳು ಎಂದಾಗ ಭಾಷೆಯವರು ಕಣ್ಣೀರು ಹಾಕುವುದೊಂದು ಬಾಕಿ. ಪ್ರಯೋಗಾಲಯ ಎಂದಾಗ ನಾನು ಮೇಜು ಗುದ್ದಿದೆ, ನನ್ನ ಟೆಸ್ಟ್ ಟ್ಯೂಬಿನ ತಂಟೆಗೆ ಯಾರು ಬರುತ್ತೀರೋ ನೋಡುತ್ತೇನೆ ಎಂದು ಕೂಗಾಡಿದೆ. ಕೊನೆಗೆ "ಶೌಚಾಲಯದ ಸ್ವಚ್ಛತೆ, ಇಬ್ಬರು ಆಯಾಗಳು, ಪೂರ್ತಿ ದಿನ" ಎಂದು ಓದಿದರು. ಯಾರೂ ಮಾತಾಡಲಿಲ್ಲ. ಅಲ್ಲಿಗೆ ಇಬ್ಬರ ಜಾಗದಲ್ಲಿ ಒಬ್ಬರು, ಪೂರ್ತಿ ದಿನದ ಜಾಗದಲ್ಲಿ ಬೆಳಗಿನ ಒಂದು ಗಂಟೆ ಎಂದಾಯಿತು. ಚಿಲಕ, ದೀಪ, ನೀರಿನ ತೊಟ್ಟಿಯ ರಿಪೇರಿಗಳನ್ನೂ ಕೈಬಿಡಲಾಯಿತು. ಮಿಕ್ಕದ್ದು ಸುಣ್ಣ ಬಣ್ಣದ ಖರ್ಚನ್ನು ನಿಲ್ಲಿಸಿದಾಗ ಹೊಂದಿತು. ಆಡಳಿತ ಮಂಡಳಿ ಸಂತೋಷಪಟ್ಟು ಯಾಕಮ್ಮನವರಿಗೆ ಒಂದು ಪ್ರಶಂಸಾ ಪತ್ರ ಕೊಟ್ಟಿತು. ಚೌಕಟ್ಟು ಹಾಕಿಸಿ ಅದನ್ನು ಕಬ್ಬಿಣದ ಬೀರುವಿನ ಮೇಲೆ ಇಡಲಾಯಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಮುಂದಿನ ಒಂಬತ್ತು ವರ್ಷಗಳಲ್ಲಿ ಮಕ್ಕಳು ಕಡಿಮೆಯಾಗುತ್ತ ಹೋದರು. ಒಂದೇ ಸಲಕ್ಕೆ ಹೋಗಿದ್ದರೆ ಎಚ್ಚರಾಗುತ್ತಿತ್ತೇನೋ. ಈ ವರ್ಷ ಇಪ್ಪತ್ತು, ಮುಂದಿನ ವರ್ಷ ಮೂವತ್ತು. ದೊಡ್ಡ ರಸ್ತೆಯ ಆಚೆ ಹೊಸ ಶಾಲೆ ಬಂದದ್ದರಿಂದ ಎಂದು ನಾವೇ ಒಂದು ಸಮಾಧಾನ ಹೇಳಿಕೊಂಡೆವು. ಸಂಖ್ಯೆ ಇನ್ನೂರ ಹನ್ನೆರಡಕ್ಕೆ ಇಳಿದಾಗ ಆಡಳಿತ ಮಂಡಳಿಯಿಂದ ಒಂದು ಕಾಗದ ಬಂತು. ಒಂದು ಮಗುವಿನ ಮೇಲಿನ ಖರ್ಚು ಎರಡು ಪಟ್ಟು ಮೀರಿರುವುದರಿಂದ ಶಾಲೆಯನ್ನು ಮುಚ್ಚಿ, ಉಳಿದ ಮಕ್ಕಳನ್ನು ರಸ್ತೆಯ ಆಚೆಯ ಶಾಲೆಗೆ ಸೇರಿಸುವ ವಿಚಾರವಿದೆ, ಹತ್ತು ವರ್ಷದ ಖರ್ಚಿನ ಪಟ್ಟಿಯೊಂದಿಗೆ ಲೆಕ್ಕಿಗರು ಮುಂದಿನ ತಿಂಗಳ ಸಭೆಗೆ ಹಾಜರಾಗಬೇಕು ಎಂದು ಅದರಲ್ಲಿ ಬರೆದಿತ್ತು.

ನಾವು ತಲೆಯ ಮೇಲೆ ಕೈ ಹೊತ್ತು ಕುಳಿತೆವು. ಯಾಕಮ್ಮನವರು ಮಾತ್ರ ಹತ್ತು ಪುಸ್ತಕಗಳನ್ನು ಗ್ರಂಥಾಲಯದ ನೆಲದ ಮೇಲೆ ಸಾಲಾಗಿ ಹರಡಿ, "ಮೇಷ್ಟ್ರೇ, ನಿಮ್ಮ ಗ್ರಾಫ್ ಹಾಳೆ ತಗೊಂಡು ಬನ್ನಿ" ಎಂದರು. ಅವರು ಓದಿದರು, ನಾನು ಚುಕ್ಕಿ ಇಟ್ಟೆ. ಬೆಲೆಯ ಏರಿಳಿತವನ್ನು ತೆಗೆದು, ಹದಿಮೂರು ವರ್ಷದ ಹಿಂದಿನ ಒಂದು ಮಗುವಿನ ಖರ್ಚನ್ನು ನೂರು ಎಂದು ಹಿಡಿದರೆ ಆ ಕಾಗದ ಬಂದ ವರ್ಷ ಅದು ಇನ್ನೂರ ಹದಿನಾಲ್ಕಕ್ಕೆ ಏರಿತ್ತು. ಆದರೆ ಒಟ್ಟು ಖರ್ಚಿನ ಗೆರೆ ಏರಿರಲೇ ಇಲ್ಲ, ಸ್ವಲ್ಪ ಇಳಿದಿತ್ತು. ನನ್ನ ಪೆನ್ಸಿಲು ನಿಂತಿತು. ಖರ್ಚು ಹೆಚ್ಚಿರಲಿಲ್ಲ, ಹಂಚಿಕೊಳ್ಳುವ ಮಕ್ಕಳು ಹೋಗಿದ್ದರು. ಮಾಡಿಗೆ ಐನೂರು ಮಕ್ಕಳಿದ್ದರೂ ಅಷ್ಟೇ ಹೆಂಚು, ಇನ್ನೂರಿದ್ದರೂ ಅಷ್ಟೇ. ಪಾಠಕ್ಕೆ ತುಂಬಿದ ತರಗತಿಗೂ ಒಬ್ಬರೇ ಮೇಷ್ಟ್ರು, ಅರ್ಧ ಖಾಲಿ ತರಗತಿಗೂ ಒಬ್ಬರೇ.

"ಮಕ್ಕಳು ಹೋಗಿದ್ದು ಯಾಕೆ?" ಎಂದರು ಯಾಕಮ್ಮನವರು.

ಆ ಪ್ರಶ್ನೆಗೆ ಉತ್ತರ ಪುಸ್ತಕದಲ್ಲಿರಲಿಲ್ಲ. ಅವರು ವರ್ಗಾವಣೆ ಪತ್ರಗಳ ಕಟ್ಟು ಬಿಚ್ಚಿದರು. ಮೊದಲು ಹೋದವರು ಹೆಣ್ಣುಮಕ್ಕಳು, ಅದರಲ್ಲೂ ಆರು, ಏಳು, ಎಂಟನೆಯ ತರಗತಿಯವರು. ಅಕ್ಕ ಹೋದ ಮರುವರ್ಷ ಅದೇ ಮನೆಯ ತಮ್ಮ ತಂಗಿಯರು. ವಿಳಾಸಗಳನ್ನು ಬರೆದುಕೊಂಡು, ಶಾಲೆ ಬಿಟ್ಟ ಮೇಲೆ ದಿನಕ್ಕೆರಡು ಮೂರು ಮನೆಗಳಿಗೆ ನಡೆದೇ ಹೋದರು. ಕೆಲವು ದಿನ ನಾನೂ ಜೊತೆಗಿದ್ದೆ. ಬಟ್ಟೆ ಹೊಲಿಯುವ ತಾಯಿಯೊಬ್ಬರ ಮನೆಯಲ್ಲಿ ಆಕೆ ಮೊದಲು ಏನೇನೋ ಸುತ್ತಿ ಬಳಸಿ ಹೇಳಿದರು. ನಾನು ಗಂಡಸು ಅಲ್ಲಿ ಕುಳಿತಿದ್ದದ್ದೇ ಅಡ್ಡಿ ಎಂದು ತಿಳಿದು ಎದ್ದು ಹೊರಗಿನ ಮೆಟ್ಟಿಲಿಗೆ ಹೋದೆ. ಮಾತು ಅಲ್ಲಿಗೂ ಕೇಳುತ್ತಿತ್ತು.

"ನಿಮ್ಮ ಶಾಲೇಲಿ ಪಾಠ ಚೆನ್ನಾಗಿತ್ತು ಮೇಡಂ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನನ್ನ ಮಗಳು ಬೆಳಗ್ಗೆಯಿಂದ ಸಾಯಂಕಾಲದವರೆಗೂ ಒಂದು ಗುಟುಕು ನೀರು ಕುಡೀತಿರ್ಲಿಲ್ಲ. ಕುಡಿದ್ರೆ ಅಲ್ಲಿಗೆ ಹೋಗ್ಬೇಕಾಗತ್ತಲ್ಲ. ಒಳಗೆ ಕಾಲಿಡೋ ಹಾಗಿರ್ಲಿಲ್ಲ, ಬಾಗಿಲಿಗೆ ಚಿಲಕ ಇಲ್ಲ. ಎರಡು ಸಲ ಡಾಕ್ಟರ ಹತ್ರ ಓಡಾಡಿದ್ಮೇಲೆ ಬಿಡಿಸಿಬಿಟ್ವಿ."

ಹಿಂದಿರುಗುವ ದಾರಿಯುದ್ದಕ್ಕೂ ಅವರು ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು. ಆ ಬೀದಿಯ ತಿರುವಿನಲ್ಲಿ ಅವರ ಯಜಮಾನರು ಓಡಿಸುವ ಬಸ್ಸು ನಮ್ಮನ್ನು ದಾಟಿ, ಹಾರನ್ ಹೊಡೆದು ಹೋಯಿತು. ಅದನ್ನೂ ಅವರು ನೋಡಲಿಲ್ಲ. ಮರುದಿನ ಬೆಳಿಗ್ಗೆ ಕಚೇರಿಗೆ ಹೋದಾಗ ಅವರ ಮುಖ ಬಾಡಿತ್ತು. ಹಿಂದಿನ ಸಂಜೆ ಈ ಸಂಗತಿಯನ್ನು ಅವರು ತಮ್ಮ ಮಗಳಿಗೆ ಹೇಳಿದ್ದರು. ಆ ಹುಡುಗಿ ಓದಿದ್ದು ನಮ್ಮಲ್ಲೇ, ಆಗ ನರ್ಸಿಂಗ್ ಕಲಿಯುತ್ತಿದ್ದಳು. "ಅದರಲ್ಲೇನು ಹೊಸದು ಅಮ್ಮ? ನಾನೂ ಕುಡೀತಿರ್ಲಿಲ್ಲ" ಎಂದಳಂತೆ. "ಊರೆಲ್ಲರನ್ನೂ ಯಾಕೆ ಯಾಕೆ ಅಂತ ಕೇಳ್ತೀಯ. ಸ್ಕೂಲಿಂದ ಬಂದ ತಕ್ಷಣ ಚೀಲ ಬಿಸಾಕಿ ಒಳಗೆ ಓಡ್ತಿದ್ನಲ್ಲ, ಯಾಕೆ ಅಂತ ಒಂದು ದಿನ ಕೇಳಿದ್ಯಾ?"

ಇದನ್ನು ನನಗೆ ಹೇಳಿ ಯಾಕಮ್ಮನವರು ಇಪ್ಪತ್ತನೆಯ ವರ್ಷದ ಪುಸ್ತಕವನ್ನು ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಶೌಚಾಲಯದ ಸ್ವಚ್ಛತೆ. ಅದರ ಎದುರು, ಐದನೆಯ ಕಾಲಮಿನಲ್ಲಿ, ಅವರದೇ ದುಂಡನೆಯ ಅಕ್ಷರದಲ್ಲಿ ಕಡಿತಕ್ಕೆ ಕೊಟ್ಟ ಕಾರಣವಿತ್ತು: "ಯಾರ ಆಕ್ಷೇಪಣೆಯೂ ಇಲ್ಲ."

"ಇದು ಕಾರಣ ಅಲ್ಲ ಮೇಷ್ಟ್ರೇ. ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ಕಾಲಂ ಖಾಲಿ ಬಿಟ್ಟಿದ್ದು ಇದೊಂದೇ ಸಲ" ಎಂದರು.

ನಾನು ಟೆಸ್ಟ್ ಟ್ಯೂಬಿಗಾಗಿ ಮೇಜು ಗುದ್ದಿದ್ದು ನೆನಪಾಗಿ ನಾಚಿಕೆಯಿಂದ ನೆಲ ನೋಡಿದೆ. ಆ ಸಭೆಯಲ್ಲಿ ಪ್ರತಿಯೊಂದು ಬಾಬತ್ತಿಗೂ ಕೂಗುವವರು ಒಬ್ಬರಿದ್ದರು. ಆ ಒಂದಕ್ಕೆ ಇರಲಿಲ್ಲ. ಕೂಗಬೇಕಾಗಿದ್ದವರನ್ನು ಸಭೆಗೆ ಕರೆದೇ ಇರಲಿಲ್ಲ.

ಅಂದಿನ ಮುಖ್ಯೋಪಾಧ್ಯಾಯರು ಸಜ್ಜನರು. ಅವರು ಯಾಕಮ್ಮನವರನ್ನು ಕರೆಸಿ, "ಬೆಲೆ ಏರಿಕೆ, ಹೊಸ ಶಾಲೆ ಅಂತ ಹೇಳಿ ಮುಗಿಸಿ. ನಾಲ್ಕೇ ವರ್ಷದ ಸರ್ವೀಸು ಬಾಕಿ ಇದೆ, ಪ್ರಶಂಸಾ ಪತ್ರ ಕೊಟ್ಟವರ ಎದುರಿಗೇ ಹೋಗಿ ಯಾಕೆ ತಲೆ ಕೊಡ್ತೀರಿ? ಪಿಂಚಣಿಗೇ ಸಂಚಕಾರ ಬಂದ್ರೆ?" ಎಂದು ಒಳ್ಳೆಯ ಮನಸ್ಸಿನಿಂದಲೇ ಬುದ್ಧಿ ಹೇಳಿದರು. ಆ ಭಯ ಸುಳ್ಳಾಗಿರಲಿಲ್ಲ. ಮಗಳ ಓದಿನ್ನೂ ಮುಗಿದಿರಲಿಲ್ಲ, ಮನೆಯ ಸಾಲ ತೀರಿರಲಿಲ್ಲ.

ಸಭೆಯ ದಿನ ಯಾಕಮ್ಮನವರು ಗ್ರಾಫ್ ಹಾಳೆಯ ಜೊತೆಗೆ ಚೌಕಟ್ಟು ಹಾಕಿದ ಪ್ರಶಂಸಾ ಪತ್ರವನ್ನೂ ಚೀಲದಲ್ಲಿಟ್ಟುಕೊಂಡು ಬಂದರು. ಗೆರೆಗಳನ್ನು ವಿವರಿಸಲು ನಾನೂ ಹೋಗಿದ್ದೆ. ಉದ್ದನೆಯ ಮೇಜಿನ ತಲೆಯಲ್ಲಿ ಅಧ್ಯಕ್ಷರು. ಕಟ್ಟಡದ ಕಂಟ್ರಾಕ್ಟರಾಗಿ ದುಡಿದು ಮೇಲೆ ಬಂದವರು, ಸಂಖ್ಯೆಗಳನ್ನು ಬಿಟ್ಟರೆ ಬೇರೇನನ್ನೂ ನಂಬದವರು. ನಾನು ಬಾಯಿ ತೆರೆಯುವ ಮೊದಲೇ ಯಾಕಮ್ಮನವರು ಆ ಚೌಕಟ್ಟನ್ನು ಮೇಜಿನ ಮೇಲಿಟ್ಟು, "ಇದನ್ನು ವಾಪಸ್ಸು ತಗೊಳ್ಳಿ ಸಾರ್. ಈ ಉಳಿತಾಯದಿಂದಾನೇ ಮಕ್ಕಳು ಹೋಗಿದ್ದು. ಮಾಡಿದ್ದು ನಾನು" ಎಂದು, ಪುಸ್ತಕದ ಆ ಪುಟವನ್ನು ತೆರೆದು, ಮನೆಮನೆಗಳಲ್ಲಿ ಕೇಳಿದ್ದನ್ನು ಒಂದೂ ಬಿಡದೆ ಹೇಳಿದರು. ತಮ್ಮ ಮಗಳ ಮಾತನ್ನೂ ಹೇಳಿದರು.

ಅಧ್ಯಕ್ಷರು ಬಹಳ ಹೊತ್ತು ಗ್ರಾಫ್ ನೋಡಿದರು. "ಅಂದ್ರೆ, ಖರ್ಚು ಕಡಿಮೆ ಮಾಡಿದ್ದಕ್ಕೆ ಖರ್ಚು ಜಾಸ್ತಿ ಆಯ್ತು ಅಂತೀರಾ?"

"ಹೌದು ಸಾರ್. ಒಂದೊಂದು ಮಗೂಗೆ."

"ಈಗೇನು ಮಾಡ್ಬೇಕು ಅಂತೀರಿ?"

"ಇನ್ನೂ ಖರ್ಚು ಮಾಡ್ಬೇಕು."

ಯಾರೋ ನಕ್ಕರು. ಅಧ್ಯಕ್ಷರು ನಗಲಿಲ್ಲ. ಯಾಕಮ್ಮನವರು ಪಟ್ಟಿ ಓದಿದರು: ಪೂರ್ತಿ ದಿನಕ್ಕೆ ಇಬ್ಬರು ಆಯಾಗಳು, ಹನ್ನೆರಡು ಚಿಲಕ, ನೀರಿನ ತೊಟ್ಟಿ, ದೀಪ, ಸೋಪು. ಮೂರು ವರ್ಷದ ಗಡುವು ಕೇಳಿದರು. ಅಷ್ಟರಲ್ಲಿ ಗೆರೆ ಬಾಗದಿದ್ದರೆ ಶಾಲೆಯ ಬಾಗಿಲು ಹಾಕುವ ಕಾಗದವನ್ನು ತಾವೇ ಟೈಪು ಮಾಡಿಕೊಡುವುದಾಗಿ ಹೇಳಿದರು. "ಎರಡು ವರ್ಷ" ಎಂದರು ಅಧ್ಯಕ್ಷರು. ಆಮೇಲೆ ಚೌಕಟ್ಟನ್ನು ಅವರತ್ತಲೇ ತಳ್ಳಿ, "ಇದನ್ನ ಇಟ್ಕೊಳ್ಳಿ. ವಾಪಸ್ಸು ತಗೊಳ್ಳೋದಕ್ಕೆ ನಮ್ಮಲ್ಲಿ ನಮೂನೆ ಇಲ್ಲ" ಎಂದರು. ಅಷ್ಟು ಬಿಗಿ ಮನುಷ್ಯರ ಬಾಯಿಂದ ಅಂಥ ಮಾತು ಬಂದೀತೆಂದು ನಾನು ಎಣಿಸಿರಲಿಲ್ಲ.

ಮೊದಲ ವರ್ಷ ನಮ್ಮ ಜೀವ ಕೈಯಲ್ಲಿತ್ತು. ಖರ್ಚು ಏರಿತು, ಮಕ್ಕಳು ಇನ್ನೂ ಏಳು ಜನ ಕಡಿಮೆಯಾಗಿ ಇನ್ನೂರ ಐದಾದರು, ಒಂದು ಮಗುವಿನ ಖರ್ಚು ಇನ್ನೂರ ಮೂವತ್ತಕ್ಕೆ ಹೋಗಿ ನಿಂತಿತು. ಶಾಲೆಯ ಚರಿತ್ರೆಯಲ್ಲೇ ಅಷ್ಟು ಎತ್ತರದ ಚುಕ್ಕಿಯನ್ನು ನಾನು ಇಟ್ಟಿರಲಿಲ್ಲ. ಅಧ್ಯಕ್ಷರಿಂದ ಒಂದೇ ಸಾಲಿನ ಕಾಗದ ಬಂತು: "ಯಾಕೆ?" ಯಾಕಮ್ಮನವರು ಒಂದೇ ಸಾಲಿನ ಉತ್ತರ ಕಳಿಸಿದರು: "ಹೋದವರಿಗೆ ಸುದ್ದಿ ಇನ್ನೂ ತಲುಪಿಲ್ಲ."

ಸುದ್ದಿ ತಲುಪಿಸುವ ಕೆಲಸವನ್ನೂ ಅವರೇ ಹೊತ್ತುಕೊಂಡರು. ರಜೆಯ ದಿನಗಳಲ್ಲಿ ತಾಯಂದಿರನ್ನು ಶಾಲೆಗೆ ಕರೆತಂದು, ತರಗತಿ, ಗ್ರಂಥಾಲಯ, ನನ್ನ ಪ್ರಯೋಗಾಲಯ ಯಾವುದನ್ನೂ ತೋರಿಸದೆ, ನೇರವಾಗಿ ಹಿಂಬದಿಯ ಶೌಚಾಲಯಕ್ಕೆ ಕರೆದೊಯ್ದು ಬಾಗಿಲಿಗೆ ಚಿಲಕ ಹಾಕಿ ತೆಗೆದು ತೋರಿಸಿದರು. ಜಗತ್ತಿನ ಯಾವ ಶಾಲೆಯೂ ತನ್ನ ಪ್ರಚಾರವನ್ನು ಹೀಗೆ ಮಾಡಿರಲಾರದು. ನನಗೆ ಮೊದಲು ಮುಜುಗರವಾಯಿತು, ಆಮೇಲೆ ಹೆಮ್ಮೆಯಾಯಿತು. ಬಟ್ಟೆ ಹೊಲಿಯುವ ಆ ತಾಯಿ ಎರಡನೆಯ ವರ್ಷ ಕಿರಿಯ ಮಕ್ಕಳಿಬ್ಬರನ್ನೂ ಕೈಹಿಡಿದು ಕರೆತಂದರು. ಆ ವರ್ಷ ಇನ್ನೂರ ಮೂವತ್ತಮೂರು ಮಕ್ಕಳು, ಒಂದು ಮಗುವಿನ ಖರ್ಚು ಇನ್ನೂರ ನಾಲ್ಕು. ಗೆರೆ ಬಾಗಿತು! ನಾನು ಗ್ರಾಫ್ ಹಾಳೆ ಹಿಡಿದು ಮೆಟ್ಟಿಲ ಕೆಳಗೆ ಓಡಿದವನು, ಇಪ್ಪತ್ತು ವರ್ಷದ ಅಭ್ಯಾಸ ಮರೆತು, ಅಡ್ಡ ತೊಲೆಗೆ ತಲೆ ಬಡಿಸಿಕೊಂಡೆ. ಮುಚ್ಚುವ ಮಾತನ್ನು ಆಡಳಿತ ಮಂಡಳಿ ಮತ್ತೆ ಎತ್ತಲಿಲ್ಲ. ಮೂರನೆಯ ವರ್ಷ ಇನ್ನೂರ ಎಂಬತ್ತೊಂದು. ಈ ವರ್ಷ ಮುನ್ನೂರ ಮೂವತ್ತೆಂಟು ಮಕ್ಕಳು, ಖರ್ಚು ನೂರ ನಲವತ್ತಮೂರು. ಹದಿಮೂರು ವರ್ಷದ ಹಿಂದಿನ ನೂರಕ್ಕೆ ಇಳಿಯಲು ಇನ್ನೂ ಕಾಲ ಬೇಕು, ಇಳಿಯದಿದ್ದರೂ ಚಿಂತೆಯಿಲ್ಲ ಎಂದು ಯಾಕಮ್ಮನವರು ಹೇಳುತ್ತಾರೆ. ಇಳಿಸಲೇಬೇಕೆಂದು ಹೊರಟರೆ ಮತ್ತೆ ಯಾರದೋ ಬಾಯಿಲ್ಲದ ಬಾಬತ್ತಿಗೆ ಕತ್ತರಿ ಬೀಳುತ್ತದೆಂಬ ಭಯ ಅವರಿಗೆ. ಆದ್ದರಿಂದಲೇ ಈಗ ಖರ್ಚಿನ ಸಭೆಯಲ್ಲಿ ಏಳನೆಯ ತರಗತಿಯ ಇಬ್ಬರು ಹೆಣ್ಣುಮಕ್ಕಳಿಗೂ ಆಯಾಗಳಿಗೂ ಕುರ್ಚಿಯಿದೆ.

ಇಂಥವರು ನಿವೃತ್ತರಾಗಿ ಮನೆಯಲ್ಲಿ ಸುಮ್ಮನೆ ಕುಳಿತಾರೆಂದು ಯಾರಾದರೂ ನಂಬಿದರೆ ಅವರ ಯಜಮಾನರನ್ನು ಕೇಳಿನೋಡಬೇಕು. "ಅಡಿಗೆಮನೆ ಡಬ್ಬಿಗಳ ಮೇಲೂ ಕಾರಣ ಬರೆದಿಟ್ಟಿದಾಳೆ ಸಾರ್, ಪೂರ್ತಿ ದಿನ ಮನೇಲಿದ್ರೆ ನನ್ನ ಗತಿ ಏನು? ಯಾವುದಾದ್ರೂ ಶಾಲೆಗೆ ಕಳಿಸಿಬಿಡಿ" ಎಂದು ಅವರು ಕೈಮುಗಿದಿದ್ದಾರೆ. ಅವರ ಮೊರೆ ಫಲಿಸಿದೆ. ಸುತ್ತಲಿನ ಮೂರು ಶಾಲೆಗಳು, ರಸ್ತೆಯ ಆಚೆಯ ಶಾಲೆಯೂ ಸೇರಿ, ತಮ್ಮ ಪುಸ್ತಕಗಳಿಗೆ ಐದನೆಯ ಗೆರೆ ಎಳೆದುಕೊಡಲು ಅವರನ್ನು ಕರೆದಿವೆ. ಅವರ ಕಾಲಿಗೆ ನಡೆಯುವ ಶಕ್ತಿ, ಕಣ್ಣಿಗೆ ಸಣ್ಣ ಅಕ್ಷರ ಓದುವ ಶಕ್ತಿ, ನಾಲಿಗೆಗೆ ಆ ಒಂದು ಪ್ರಶ್ನೆ ಕೇಳುವ ಶಕ್ತಿ ನೂರು ವರ್ಷ ಕುಂದದಿರಲಿ ಎಂದು ನಾನು ಮನಸಾರೆ ಹಾರೈಸುತ್ತೇನೆ. ನನ್ನೊಂದಿಗೆ ಜಗಳವಾಡುವುದಕ್ಕಾದರೂ ಅವರು ಆಗಾಗ ಬರುತ್ತಿರಲಿ.

ಕೊನೆಗೊಂದು ಮಾತು ಉಳಿದಿದೆ. ಈ ಗ್ರಂಥದ ಮುದ್ರಣದ ಬಿಲ್ಲು ಹಿಡಿದು ಸಂಪಾದಕಿಯವರು ಮೆಟ್ಟಿಲ ಕೆಳಗೆ ಹೋದಾಗ ಕನ್ನಡಕ ಹಣೆಗೇರಿತಂತೆ. "ಅಭಿನಂದನ ಗ್ರಂಥ. ಹೋದ ವರ್ಷ ಸೊನ್ನೆ, ಈ ವರ್ಷ ಇಷ್ಟು. ಯಾಕೆ?" ಸಂಪಾದಕಿ, "ಅಭಿಮಾನ ಮೇಡಂ" ಎಂದರು. "ಹೋದ ವರ್ಷ ಅಭಿಮಾನ ಇರ್ಲಿಲ್ವಾ? ವ್ಯತ್ಯಾಸಕ್ಕೆ ಕಾರಣ ಬೇಕು. ಇದು ನನ್ನ ವಿಷಯ, ನಾನು ಬರೆಯೋ ಹಾಗಿಲ್ಲ. ಲೇಖನ ಬರೀತಿದಾರಲ್ಲ ಆ ಜಗಳಗಂಟ ಮೇಷ್ಟ್ರು, ಅವರ ಕೈಲಿ ಬರೆಸಿ. ಒಂದೇ ಸಾಲು."

ಇಷ್ಟು ಪುಟ ಬರೆದವನಿಗೆ ಆ ಒಂದು ಸಾಲು ಮೂರು ದಿನ ಹೊಳೆಯಲಿಲ್ಲ. ನಿನ್ನೆ ಮಧ್ಯಾಹ್ನ ಬಿಡುವಿನ ವೇಳೆಯಲ್ಲಿ ಅವರ ಕೋಣೆಗೆ ಹೋದೆ. ಅವರು ಪುಸ್ತಕವನ್ನು ನನ್ನತ್ತ ತಿರುಗಿಸಿ ಕೆಂಪು ಶಾಯಿಯ ಪೆನ್ನು ಕೊಟ್ಟರು. ನಾನು ತಲೆಯೆತ್ತಿ ಕಿಟಕಿಯ ಆಚೆ ನೋಡಿದೆ. ನಲ್ಲಿಗಳ ಎದುರು ಗದ್ದಲವಿತ್ತು, ಹುಡುಗಿಯರು ಒಬ್ಬರನ್ನೊಬ್ಬರು ತಳ್ಳುತ್ತ, ನಗುತ್ತ, ಬೊಗಸೆಯೊಡ್ಡಿ ನಿಂತಿದ್ದರು. ಐದನೆಯ ಕಾಲಮಿನಲ್ಲಿ ಬರೆದೆ:

"ನಮ್ಮ ಹೆಣ್ಣುಮಕ್ಕಳು ಈಗ ನೀರು ಕುಡಿಯುತ್ತಾರೆ."

ಯಾಕಮ್ಮನವರು ಓದಿದರು. ಕನ್ನಡಕವನ್ನು ಹಣೆಗೇರಿಸಿದರು. ಆ ಒಂದು ಪ್ರಶ್ನೆಗೆ ನಾನು ಸಿದ್ಧನಾಗಿ ನಿಂತೆ. ಅವರು ಕೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ಬಿಲ್ಲಿಗೆ ಸಹಿ ಹಾಕಿದರು.